ಬಲಮುರಿ ಎಡಮುರಿಗಳ ಬೆಳಕು

ಶಂಖಗಳಲ್ಲಿ ಬಲಮುರಿಯೆಂದೂ ಎಡಮುರಿಯೆಂದೂ ಎರಡು ಬಗೆಗಳುಂಟು. ಬಲಮುರಿಯ ಶಂಖವು ಅಪೂರ್ವವಾದುದೆಂದು ಅದನ್ನು ಮನೆಗಳಲ್ಲಿ ಆದರದಿಂದ ಕಾಪಾಡಿಕೊಂಡು ಬರುವ ವಾಡಿಕೆಯಿದೆ. ತೂಕದಲ್ಲಿಯೂ ಬಣ್ಣದಲ್ಲಿಯೂ ಗಾತ್ರದಲ್ಲಿಯೂ ಎರಡೂ ಒಂದೇ ಸಮನಾಗಿದ್ದರೂ, ಒಂದನ್ನು ಎತ್ತ ತಿರುಗಿಸಿ ಹಿಡಿದರೂ ಅದು ಇನ್ನೊಂದಾಗಲಾರದು. ಕನ್ನಡಿಯಲ್ಲಿ ನೋಡಿದಾಗ ಮಾತ್ರ ಒಂದು ಮತ್ತೊಂದರ ರೂಪವನ್ನು ತಾಳುವುದು. ಬಲಗೈಗೂ ಎಡಗೈಗೂ ಇರುವ ಸಂಬಂಧವು ಇಂತಹುದೇ ಆದುದರಿಂದ, 1893ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಲಾರ್ಡ್ ಕೆಲ್ವಿನ್ನನು ಕೈಯೆಂಬ ಅರ್ಥವುಳ್ಳ ಗ್ರೀಕ್ ಪದದಿಂದ ಈ ಗುಣಕ್ಕೆ ‘ಕೈರಾಲಿಟಿ’ ಎಂಬ ಹೆಸರನ್ನು ಕಟ್ಟಿದನು.

ಶಂಖದ ಮುರಿಯನ್ನು ಕಣ್ಣು ಕಾಣಬಲ್ಲುದು. ಆದರೆ ಸಕ್ಕರೆ, ಕರ್ಪೂರ, ಹುಣಿಸೆಯ ಹುಳಿ, ಪ್ರಾಣಿಗಳ ರಕ್ತಮಾಂಸಗಳಲ್ಲಿರುವ ಸಾರದ್ರವ್ಯಗಳು, ಇವುಗಳ ಅಣುಗಳಿಗೂ ಬಲಮುರಿ ಎಡಮುರಿಗಳೆಂಬ ಭೇದವುಂಟೆಂದರೆ ಅದನ್ನು ಕಾಣುವ ಬಗೆ ಯಾವುದು? ಅಣುವು ಸೂಕ್ಷ್ಮದರ್ಶಕಕ್ಕೂ ಸಿಕ್ಕದಷ್ಟು ಚಿಕ್ಕದು. ತಕ್ಕಡಿಗೆ ಈ ಭೇದವು ತಿಳಿಯದು, ಉಷ್ಣಮಾಪಕಕ್ಕೂ ತಿಳಿಯದು. ತನ್ನಲ್ಲಿಯೇ ಮುರಿಯುಳ್ಳ ಬೆಳಕೊಂದೇ ಇದನ್ನು ಸುಲಭವಾಗಿ ಪತ್ತೆಹಚ್ಚತಕ್ಕ ಸಾಧನ. ಆ ಬೆಳಕನ್ನು ಪಳಗಿಸಿ ಅಳತೆಗೋಲನ್ನಾಗಿ ಮಾಡಿಕೊಂಡ ಯಂತ್ರಗಳ ಚರಿತ್ರೆಯು ಇನ್ನೂರು ವರ್ಷಗಳಿಗೂ ಮಿಕ್ಕುದು.

ಆ ಚರಿತ್ರೆಯು ಆರಂಭವಾದುದು ಪ್ಯಾರಿಸ್ ನಗರದ ಒಂದು ಕಿಟಕಿಯ ಬಳಿ. 1808ರಲ್ಲಿ ಎಟಿಯೆನ್ ಲೂಯಿ ಮಾಲ್ಯೂಸ್ ಎಂಬ ಸೇನಾ ಇಂಜಿನಿಯರನು ಲಕ್ಸೆಂಬರ್ಗ್ ಅರಮನೆಯ ಗಾಜುಗಳಿಂದ ಪ್ರತಿಫಲಿಸುತ್ತಿದ್ದ ಸಂಜೆಯ ಸೂರ್ಯನನ್ನು ಐಸ್‌ಲೆಂಡ್ ಸ್ಪಾರ್ ಎಂಬ ಸ್ವಚ್ಛವಾದ ಹರಳಿನ ಮೂಲಕ ನೋಡಿದನು. ಈ ಹರಳು ಒಂದು ವಸ್ತುವನ್ನು ಎರಡಾಗಿ ತೋರಿಸತಕ್ಕುದು. ಹರಳನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳಲ್ಲಿ ಒಂದು ಮಂಕಾಗುತ್ತಲೂ ಇನ್ನೊಂದು ಪ್ರಜ್ವಲಿಸುತ್ತಲೂ ಇರುವುದನ್ನು ಕಂಡು ಆತನು ಬೆರಗಾದನು. ಗಾಜಿನಿಂದ ಪ್ರತಿಫಲಿಸಿದ ಬೆಳಕು ಸಾಮಾನ್ಯವಾದ ಬೆಳಕಿನಂತಲ್ಲದೆ ಒಂದು ದಿಕ್ಕಿನ ಹಂಗಿಗೆ ಒಳಪಟ್ಟಿರುವುದೆಂದು ಇದರಿಂದ ವಿದಿತವಾಯಿತು. ಬೆಳಕು ತರಂಗರೂಪವಾದುದು, ಅದರ ಕಂಪನವು ಸಾಮಾನ್ಯವಾಗಿ ಎಲ್ಲಾ ಪಕ್ಕಗಳಿಗೂ ನಡೆಯುತ್ತಿರುವುದು. ಆ ಕಂಪನವು ಒಂದೇ ಪಾತಳಿಯಲ್ಲಿ ನಡೆಯುವಂತೆ ಕಟ್ಟಿಹಾಕಿದ ಬೆಳಕಿಗೆ ಧ್ರುವೀಕೃತವಾದ ಬೆಳಕೆಂದು ಹೆಸರು.

1811ರಲ್ಲಿ ಆರಾಗೋ ಎಂಬ ಪಂಡಿತನು ಬೆಣಚುಕಲ್ಲಿನ ಸ್ಫಟಿಕದಿಂದ ಕತ್ತರಿಸಿದ ಬಿಲ್ಲೆಯು ಇಂತಹ ಬೆಳಕಿನ ಪಾತಳಿಯನ್ನೇ ತಿರುಗಿಸಿಬಿಡುವುದನ್ನು ಕಂಡನು. ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಯು ಸೋಡಿಯಂ ದೀಪದ ಹಳದಿ ಬೆಳಕಿನ ಪಾತಳಿಯನ್ನು ಸುಮಾರು 21.7 ಡಿಗ್ರಿಗಳಷ್ಟು ಹೊರಳಿಸುವುದು. ಮರುವರ್ಷ ಜಾನ್ ಬಾಪ್ಟಿಸ್ಟ್ ಬಿಯೋ ಎಂಬಾತನು ಕೆಲವು ಬಿಲ್ಲೆಗಳು ಬಲಕ್ಕೂ ಕೆಲವು ಎಡಕ್ಕೂ ತಿರುಗಿಸುತ್ತವೆಂಬುದನ್ನು ಗೊತ್ತುಮಾಡಿದನು. 1815ರಲ್ಲಿ ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿಯು ಆತನಿಗೆ ಗೋಚರವಾಯಿತು. ಟರ್ಪೆಂಟೈನ್ ಎಣ್ಣೆ, ಸಕ್ಕರೆಯ ಪಾನಕ, ಕರ್ಪೂರದ ದ್ರಾವಣ, ಇವುಗಳೂ ಬೆಳಕಿನ ಪಾತಳಿಯನ್ನು ತಿರುಗಿಸುತ್ತಿದ್ದುವು. ಸ್ಫಟಿಕದಲ್ಲಿ ಕಣಗಳು ಒಂದು ಕ್ರಮದಲ್ಲಿ ಜೋಡಣೆಗೊಂಡಿರುವುದರಿಂದ ಅದು ತಿರುಗಿಸುತ್ತದೆಂದು ಹೇಳಬಹುದು. ಆದರೆ ದ್ರವದಲ್ಲಿ ಜೋಡಣೆಯೆಂಬುದಿಲ್ಲ. ಅಣುಗಳು ಅಲ್ಲಿ ದಿಕ್ಕುದೆಸೆಯಿಲ್ಲದೆ ಹೊರಳಾಡುತ್ತಿರುವುವು. ಆದಕಾರಣ ಈ ಶಕ್ತಿಯು ಒಂದೊಂದು ಅಣುವಿನಲ್ಲಿಯೂ ಅಡಗಿರಬೇಕೆಂದು ಬಿಯೋ ತರ್ಕಿಸಿದನು. ಹಾಗಿದ್ದರೆ ದ್ರವವನ್ನು ಆವಿಯಾಗಿ ಚೆದರಿಸಿದರೂ ಅದು ಉಳಿದಿರಬೇಕಷ್ಟೆ. ಇದನ್ನು ಪರೀಕ್ಷಿಸುವುದಕ್ಕಾಗಿ ಆತನು ಮೂವತ್ತು ಮೀಟರುಗಳಷ್ಟು ಉದ್ದವಾದ ಕೊಳವೆಯನ್ನು ಹೂಡಿ ಅದರಲ್ಲಿ ಟರ್ಪೆಂಟೈನಿನ ಆವಿಯನ್ನು ತುಂಬಿಸಿದನು. ಪಾತಳಿಯು ತಿರುಗುವುದು ಕಣ್ಣಿಗೆ ಬಿದ್ದಿತು. ಆದರೆ ಅಳತೆಯು ಪೂರ್ಣವಾಗುವುದಕ್ಕೆ ಮೊದಲೇ ಆವಿಗೆ ಬೆಂಕಿ ಹತ್ತಿಕೊಂಡು ಪ್ರಯೋಗವು ಅಲ್ಲಿಗೇ ನಿಂತಿತು.

ಬಿಯೋನ ಉಪಕರಣವು ಬಹಳ ಸರಳವಾದುದು. ಕಪ್ಪು ಗಾಜಿನ ಫಲಕವೊಂದರಿಂದ ಪ್ರತಿಫಲಿಸಿ ಧ್ರುವೀಕೃತವಾದ ಬೆಳಕು, ನಡುವೆ ದ್ರವ ತುಂಬಿದ ನಳಿಗೆ, ಕೊನೆಯಲ್ಲಿ ಡಿಗ್ರಿಗಳ ಗುರುತುಳ್ಳ ಚಕ್ರದ ಮೇಲೆ ತಿರುಗುವ ಹರಳು. ಇಷ್ಟೇ ಅದರ ಅಂಗಗಳು. ಹರಳನ್ನು ತಿರುಗಿಸುತ್ತ ಬೆಳಕು ಸಂಪೂರ್ಣವಾಗಿ ನಂದುವ ಸ್ಥಾನವನ್ನು ಹುಡುಕಿ ಚಕ್ರದ ಗುರುತನ್ನು ಓದಿಕೊಳ್ಳಬೇಕು. 1828ರಲ್ಲಿ ಎಡಿನ್‌ಬರೋದ ವಿಲಿಯಂ ನಿಕಲ್ಲನು ಐಸ್‌ಲೆಂಡ್ ಸ್ಪಾರಿನ ಹರಳನ್ನು ಓರೆಯಾಗಿ ಕೊಯ್ದು, ಪುನಃ ಅಂಟಿಸಿ, ಎರಡು ಕಿರಣಗಳಲ್ಲಿ ಒಂದನ್ನು ಮಾತ್ರ ಹೊರಬಿಡುವ ಪಟ್ಟಕವನ್ನು ರಚಿಸಿದ ಮೇಲೆ ಈ ಕೆಲಸವು ಹೆಚ್ಚು ನಿಷ್ಕೃಷ್ಟವಾಯಿತು.

ಆದರೆ ದ್ರವವು ಪಾತಳಿಯನ್ನು ತಿರುಗಿಸುವುದೇಕೆ? ಇದಕ್ಕೆ ಸಮಾಧಾನವನ್ನು ಹೇಳಿದವನು ಅಗಸ್ಟಿನ್ ಫ್ರೆನೆಲ್. ಬೆಳಕಿನ ಕಂಪನವು ನೇರವಾದ ಗೆರೆಯ ಮೇಲೆ ನಡೆಯದೆ, ಕಿರಣವು ಮುಂದುವರಿದಂತೆಲ್ಲಾ ತಿರುಪಿನ ಸುತ್ತಿನ ಹಾಗೆ ಸುತ್ತುತ್ತ ಹೋಗಬಹುದೆಂದು ಆತನು ತೋರಿಸಿದನು. ಇದೇ ವೃತ್ತಧ್ರುವೀಕೃತವಾದ ಬೆಳಕು. ಹಗ್ಗದ ಹುರಿಯಂತೆ ಇದಕ್ಕೂ ಬಲಮುರಿ ಎಡಮುರಿಗಳುಂಟು. ಕೋಲಾಟದಲ್ಲಿ ಇಬ್ಬರು ಒಂದೇ ಸ್ಥಳದಿಂದ ಹೊರಟು, ಒಂದೇ ವೇಗದಲ್ಲಿ, ಒಬ್ಬನು ಬಲಕ್ಕೂ ಒಬ್ಬನು ಎಡಕ್ಕೂ ಸುತ್ತು ಹಾಕಿದರೆ ಅವರು ಯಾವಾಗಲೂ ಅವೇ ಎರಡು ಜಾಗಗಳಲ್ಲಿ ಎದುರುಗೊಳ್ಳುವರು. ಆ ಎರಡು ಜಾಗಗಳನ್ನು ಸೇರಿಸಿದರೆ ಒಂದು ಗೆರೆಯಾಗುವುದು. ಹಾಗೆಯೇ ಬಲಮುರಿ ಎಡಮುರಿಗಳ ಎರಡು ಸಮಬಲದ ಕಿರಣಗಳು ಕೂಡಿದರೆ ಒಂದು ಪಾತಳಿಯ ಬೆಳಕಾಗುವುದು. ಆಟಗಾರರಲ್ಲಿ ಒಬ್ಬನು ತುಸು ಹಿಂದೆ ಬಿದ್ದರೆ ಅವರು ಕೂಡುವ ಜಾಗವು ಪಕ್ಕಕ್ಕೆ ಸರಿಯುವುದಷ್ಟೆ. ಸಕ್ಕರೆಯ ದ್ರಾವಣದಲ್ಲಿ ನಡೆಯುವುದೂ ಇದೇ: ಎರಡು ಮುರಿಗಳಲ್ಲಿ ಒಂದು ಇನ್ನೊಂದಕ್ಕಿಂತ ಅತ್ಯಲ್ಪವಾಗಿ ನಿಧಾನವಾಗಿ ಸಾಗುವುದರಿಂದ ಪಾತಳಿಯು ಹೊರಳುವುದು. 1822ರಲ್ಲಿ ಫ್ರೆನೆಲ್ಲನು ಬಲ ಮತ್ತು ಎಡ ಬೆಣಚುಕಲ್ಲುಗಳ ಪಟ್ಟಕಗಳನ್ನು ಜೋಡಿಸಿ, ಒಂದು ಕಿರಣವು ಬಲಮುರಿ ಎಡಮುರಿಗಳೆಂಬ ಎರಡು ಕಿರಣಗಳಾಗಿ ಒಡೆಯುವುದನ್ನು ಕಣ್ಣಾರೆ ಕಾಣಿಸಿದನು.

ಈ ಯಂತ್ರಗಳಿಗೆ ಕೀರ್ತಿಯನ್ನು ತಂದ ಘಟನೆಯು 1848ರಲ್ಲಿ ನಡೆಯಿತು. ದ್ರಾಕ್ಷಾರಸದ ಪೀಪಾಯಿಗಳಲ್ಲಿ ದೊರೆಯುವ ಟಾರ್ಟಾರಿಕ್ ಆಮ್ಲವು, ಹುಣಿಸೆಯ ಹುಳಿಗೂ ಇದೇ ಕಾರಣ, ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಇದರ ದಾಯಾದಿಯಾದ ಪ್ಯಾರಟಾರ್ಟಾರಿಕ್ ಆಮ್ಲವಾದರೋ ಘಟಕಗಳಲ್ಲಿ ಇದಕ್ಕೆ ಸಮನಾಗಿದ್ದರೂ ಬೆಳಕನ್ನು ತಿರುಗಿಸುವುದೇ ಇಲ್ಲ. ಲೂಯಿ ಪಾಶ್ಚರನಿಗೆ ಆಗ ಇಪ್ಪತ್ತೈದು ವರ್ಷ. ಈ ಎರಡನೆಯ ಆಮ್ಲದ ಲವಣವೊಂದರ ಹರಳುಗಳನ್ನು ಸೂಕ್ಷ್ಮವಾಗಿ ನೋಡುತ್ತಿದ್ದಾಗ, ಅವುಗಳಲ್ಲಿ ಕೆಲವಕ್ಕೆ ಬಲಪಕ್ಕದಲ್ಲಿಯೂ ಕೆಲವಕ್ಕೆ ಎಡಪಕ್ಕದಲ್ಲಿಯೂ ಚಿಕ್ಕ ಓರೆಮುಖಗಳಿರುವುದನ್ನು ಆತನು ಕಂಡನು. ಅಕ್ಕಿಯಲ್ಲಿ ಕಲ್ಲನ್ನು ಆರಿಸುವಂತೆ ಹರಳುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಎರಡು ರಾಶಿಗಳನ್ನೂ ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿ ನೋಡಲಾಗಿ, ಒಂದು ಬಲಕ್ಕೂ ಮತ್ತೊಂದು ಎಡಕ್ಕೂ ಬೆಳಕನ್ನು ತಿರುಗಿಸಿದುವು. ತಿರುಗಿಸದ ಆಮ್ಲವು ವಾಸ್ತವವಾಗಿ ಬಲ ಎಡಗಳ ಸಮಭಾಗದ ಮಿಶ್ರಣವಾಗಿತ್ತು. ಸುಮಾರು 27 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿದ್ದಾಗ ಮಾತ್ರ ಆ ಲವಣವು ಹೀಗೆ ಎರಡು ಬಗೆಯ ಹರಳುಗಳಾಗಿ ಕೂಡುವುದು. ಪ್ಯಾರಿಸ್ಸಿನ ಹವೆಯು ಪಾಶ್ಚರನಿಗೆ ಅನುಕೂಲವಾಗಿ ಒದಗಿತು.

ಈ ಸುದ್ದಿಯನ್ನು ವಿದ್ವತ್ಸಭೆಯ ಮುಂದೆ ಇಡುವುದಕ್ಕೆ ಮೊದಲು ಪರೀಕ್ಷಿಸುವ ಭಾರವು ಬಿಯೋನ ಮೇಲೆ ಬಿದ್ದಿತು. ಆತನಿಗೆ ಆಗ ಎಪ್ಪತ್ತನಾಲ್ಕು ವರ್ಷ, ಮೂರು ದಶಕಗಳಿಗೂ ಹೆಚ್ಚು ಕಾಲ ಇದೇ ವಿಷಯದಲ್ಲಿ ಸವೆದವನು, ಸುಲಭವಾಗಿ ನಂಬುವವನಲ್ಲ. ಯುವಕನನ್ನು ಕಾಲೇಜ್ ದ ಫ್ರಾನ್ಸಿಗೆ ಕರೆಸಿ, ತಾನೇ ಪರೀಕ್ಷಿಸಿಟ್ಟಿದ್ದ ಆಮ್ಲವನ್ನೂ ಕ್ಷಾರಗಳನ್ನೂ ಕೊಟ್ಟು, ತನ್ನ ಕಣ್ಣೆದುರಿಗೇ ದ್ರಾವಣವನ್ನು ಮಾಡಿಸಿ, ಅದು ಹರಳುಗಟ್ಟುವವರೆಗೂ ತನ್ನ ಬಳಿಯಲ್ಲಿಯೇ ಇರಿಸಿಕೊಂಡನು. ಹರಳುಗಳು ಕೂಡಿದ ಮೇಲೆ ಪಾಶ್ಚರನು ಅವನ್ನು ಬಲ ಎಡಗಳಾಗಿ ವಿಂಗಡಿಸಿಕೊಟ್ಟನು. ಉಳಿದ ಕೆಲಸವನ್ನು ತಾನೇ ಮಾಡುವೆನೆಂದು ಹೇಳಿ ಬಿಯೋ ಎಡಕ್ಕೆ ತಿರುಗಿಸಬೇಕಾದ ದ್ರಾವಣವನ್ನೇ ಮೊದಲು ನಳಿಗೆಯಲ್ಲಿ ಇಟ್ಟನು. ಚಕ್ರವನ್ನು ಓದುವ ಅಗತ್ಯವೂ ಬೀಳಲಿಲ್ಲ. ಕಣ್ಣಿಟ್ಟ ಕ್ಷಣದಲ್ಲಿಯೇ ಬಣ್ಣಗಳ ಬದಲಾವಣೆಯು ನಿಜವನ್ನು ಸಾರಿತು. ಮುದುಕನು ಯುವಕನ ತೋಳನ್ನು ಹಿಡಿದುಕೊಂಡು, ಜೀವಮಾನವೆಲ್ಲಾ ಶಾಸ್ತ್ರವನ್ನು ಪ್ರೀತಿಸಿದ ತನ್ನ ಎದೆಯು ಇದರಿಂದ ಕುಣಿಯುತ್ತಿರುವುದೆಂದು ಹೇಳಿದನು. ಅಣುವಿನೊಳಗಿನ ಮುರಿಯನ್ನು ಕುರಿತ ಬಿಯೋನ ತರ್ಕವು ಅಂದು ದೃಢಪಟ್ಟಿತು. 1874ರಲ್ಲಿ ವಾಂಟ್ ಹಾಫ್ ಮತ್ತು ಲ ಬೆಲ್ ಎಂಬಿಬ್ಬರು, ಇಂಗಾಲದ ಪರಮಾಣುವಿನ ನಾಲ್ಕು ಕೈಗಳು ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿರುವುದೇ ಈ ಭೇದಕ್ಕೆ ಮೂಲವೆಂದು ಬೇರೆಬೇರೆಯಾಗಿ ಪ್ರತಿಪಾದಿಸಿದರು.

ಇಷ್ಟರಲ್ಲಿ ಯಂತ್ರವು ಅಂಗಡಿ ಕಾರ್ಖಾನೆಗಳಿಗೂ ಕಾಲಿಟ್ಟಿತ್ತು. ಕಬ್ಬಿನ ಹಾಲಿನಲ್ಲಿ ಸಕ್ಕರೆಯೆಷ್ಟು, ನೀರೆಷ್ಟು ಎಂಬುದನ್ನು ನಾಲಗೆಯು ಖಚಿತವಾಗಿ ಹೇಳಲಾರದು, ಬೆಳಕು ಹೇಳಬಲ್ಲುದು. ಆದರೆ ಇಲ್ಲಿ ಒಂದು ತೊಡಕಿತ್ತು. ಬೆಳಕು ಸಂಪೂರ್ಣವಾಗಿ ನಂದುವ ಸ್ಥಾನವನ್ನು ಗುರುತಿಸುವುದರಲ್ಲಿ ಮನುಷ್ಯನ ಕಣ್ಣು ಬಲು ದುರ್ಬಲ. ಎಷ್ಟು ಕತ್ತಲೆಯಾದರೆ ಪೂರ್ಣ ಕತ್ತಲೆ? ಒಬ್ಬನಿಗೆ ತೋರಿದ ಸ್ಥಾನ ಇನ್ನೊಬ್ಬನಿಗೆ ತೋರದು. ಒಬ್ಬನಿಗೇ ಬೆಳಿಗ್ಗೆ ತೋರಿದುದು ಸಂಜೆಗೆ ತೋರದು. ಆದರೆ ಪಕ್ಕಪಕ್ಕದಲ್ಲಿರುವ ಎರಡರಲ್ಲಿ ಹೆಚ್ಚು ಕಡಮೆಗಳನ್ನು ಕಂಡುಹಿಡಿಯುವುದರಲ್ಲಿ ಅದೇ ಕಣ್ಣು ಅತಿ ಚುರುಕಾದುದು. ಈ ಮರ್ಮವನ್ನು ಅರಿತು, ಪ್ಯಾರಿಸ್ಸಿನ ಸೋಲೇ ಎಂಬ ಯಂತ್ರಶಿಲ್ಪಿಯು 1845ರ ಸುಮಾರಿನಲ್ಲಿ ಬಲ ಮತ್ತು ಎಡ ಬೆಣಚುಕಲ್ಲುಗಳ ಎರಡು ಅರ್ಧ ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿ ನೋಟದ ವೃತ್ತವನ್ನು ಎರಡು ಹೋಳಾಗಿ ಮಾಡಿದನು. ಪಾತಳಿಯು ಕೂದಲೆಳೆಯಷ್ಟು ಸರಿದರೂ ಒಂದು ಹೋಳು ಕೆಂಪಿಗೂ ಮತ್ತೊಂದು ನೀಲಿಗೂ ತಿರುಗುವುದು. 1860ರಲ್ಲಿ ಡಬ್ಲಿನ್ನಿನ ಜೆಲೆಟ್, 1874ರಲ್ಲಿ ಪ್ಯಾರಿಸ್ಸಿನ ಲೋರಾಂ, ಅವರ ತರುವಾಯ ಲಿಪ್ಪಿಚ್, ಬಣ್ಣದ ಭೇದವನ್ನು ಬಿಟ್ಟು ನೆರಳಿನ ಭೇದದಿಂದಲೇ ಅಳೆಯುವ ಅರೆನೆರಳಿನ ಯಂತ್ರಗಳನ್ನು ರಚಿಸಿದರು. ಎರಡು ಹೋಳುಗಳೂ ಸಮನಾಗಿ ಮಬ್ಬಾದಾಗ ಗುರುತನ್ನು ಓದಿಕೊಂಡರಾಯಿತು. ಕತ್ತಲೆಯನ್ನು ಅಳೆಯುವ ಕಷ್ಟವು ತಪ್ಪಿ ಸಮತೆಯನ್ನು ನೋಡುವ ಸುಲಭೋಪಾಯವು ದೊರೆಯಿತು. 26 ಗ್ರಾಂ ಶುದ್ಧ ಸಕ್ಕರೆಯಿಂದ 100 ಘನ ಸೆಂಟಿಮೀಟರ್ ದ್ರಾವಣವನ್ನು ಮಾಡಿ 20 ಸೆಂಟಿಮೀಟರ್ ನಳಿಗೆಯಲ್ಲಿ ಇಟ್ಟರೆ ಸೋಡಿಯಂ ಬೆಳಕಿನ ಪಾತಳಿಯು ಸುಮಾರು 34.6 ಡಿಗ್ರಿ ಬಲಕ್ಕೆ ಹೊರಳುವುದು. ಇದನ್ನೇ ನೂರೆಂದು ಹಿಡಿದು ಸಕ್ಕರೆಯ ಮಟ್ಟವನ್ನು ಎಣಿಸುವ ಪದ್ಧತಿಯಾಯಿತು. ಕಬ್ಬಿನ ಸೀಮೆಯ ಕಾರ್ಖಾನೆಗಳಲ್ಲಿ ರಸದ ಮಟ್ಟವನ್ನು ಹೇಳುವಾಗ ಬಳಸುವ ‘ಪೋಲ್’ ಎಂಬ ಮಾತು ಈ ಯಂತ್ರದಿಂದಲೇ ಬಂದುದು.

ಪಾತಳಿಯು ಹೊರಳುವುದು ಒಂದು ಮುರಿಯು ನಿಧಾನವಾಗುವುದರಿಂದಷ್ಟೆ. ಒಂದು ಮುರಿಯನ್ನು ಮತ್ತೊಂದಕ್ಕಿಂತ ಹೆಚ್ಚಾಗಿ ಹೀರಿಬಿಡುವ ವಸ್ತುವೂ ಇರಲಾರದೆ? 1895ರಲ್ಲಿ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ವಿದ್ಯಾಶಾಲೆಯಲ್ಲಿದ್ದ ಎಮೆ ಕಾಟನ್ ಎಂಬ ಇಪ್ಪತ್ತಾರು ವರ್ಷದ ಯುವಕನು ಇದಕ್ಕೆ ಉತ್ತರವನ್ನು ಕಂಡುಕೊಂಡನು. ಟಾರ್ಟಾರಿಕ್ ಆಮ್ಲದೊಡನೆ ತಾಮ್ರವನ್ನೂ ಕ್ರೋಮಿಯಮ್ಮನ್ನೂ ಸೇರಿಸಿ ಮಾಡಿದ ಬಣ್ಣದ ದ್ರಾವಣಗಳನ್ನು ಆತನು ಆರಿಸಿಕೊಂಡನು. ನೋಟದ ವೃತ್ತದ ಒಂದು ಹೋಳಿನಲ್ಲಿ ಬಲಮುರಿಯ ಬೆಳಕೂ ಇನ್ನೊಂದರಲ್ಲಿ ಎಡಮುರಿಯ ಬೆಳಕೂ ಬರುವಂತೆ ಏರ್ಪಡಿಸಿ ನೋಡಲಾಗಿ, ದ್ರಾವಣದ ಮೂಲಕ ಎರಡು ಹೋಳುಗಳೂ ಒಂದೇ ಸಮನಾಗಿ ತೋರಲಿಲ್ಲ. ಒಂದೇ ದ್ರಾವಣವು ಬಲಮುರಿಗೆ ಒಂದು ಬಗೆಯಾಗಿಯೂ ಎಡಮುರಿಗೆ ಮತ್ತೊಂದು ಬಗೆಯಾಗಿಯೂ ನಡೆದುಕೊಳ್ಳುತ್ತಿತ್ತು. ಇದಕ್ಕೆ ವೃತ್ತದ್ವಿವರ್ಣತೆಯೆಂದು ಹೆಸರು. ಇಬ್ಬರು ಆಟಗಾರರಲ್ಲಿ ಒಬ್ಬನ ಬಲವು ಕುಗ್ಗಿದಂತಾಗಿ, ನೇರವಾದ ಗೆರೆಯು ಕಿರಿದಾದ ಅಂಡಾಕೃತಿಯಾಗಿ ತೆರೆದುಕೊಳ್ಳುವುದು. ಆ ತೆರೆವನ್ನೂ ಕಾಟನ್ನನು ಅಳೆದನು. ವಸ್ತುವು ಬೆಳಕನ್ನು ಹೀರುವ ಬಣ್ಣದ ಆಸುಪಾಸಿನಲ್ಲಿ ಪಾತಳಿಯ ಹೊರಳುವಿಕೆಯೂ ವಿಚಿತ್ರವಾಗಿ ಏರಿಳಿಯುವುದನ್ನು ಕಂಡು ಪ್ರಕಟಿಸಿದನು. ಇವೆರಡೂ ಕೂಡಿ ಕಾಟನ್ ಪರಿಣಾಮವೆಂದು ಪ್ರಸಿದ್ಧವಾದುವು.

ಕಾಟನ್ನನ ಹಾದಿಯಲ್ಲಿ ನಡೆದವರಲ್ಲಿ ಜಾರ್ಜ್ ಬ್ರೂಹಾ ಒಬ್ಬನು. ವೃತ್ತದ್ವಿವರ್ಣತೆಯನ್ನು ಕುರಿತ ಆತನ ಪ್ರಬಂಧವು 1914ರಲ್ಲಿ ಹೊರಬಂದಿತು. ಇಂತಹ ಅಳತೆಗೆ ಅಪಾರವಾದ ತಾಳ್ಮೆ ಬೇಕು. ಬಲಮುರಿ ಎಡಮುರಿಗಳ ವ್ಯತ್ಯಾಸವು ಅನೇಕ ವಸ್ತುಗಳಲ್ಲಿ ಸಾವಿರದಲ್ಲಿ ಒಂದು ಪಾಲನ್ನೂ ಮುಟ್ಟದು. ಇಷ್ಟು ಸಣ್ಣ ವ್ಯತ್ಯಾಸದ ವಿಷಯದಲ್ಲಿ ತನ್ನ ಇಷ್ಟಕ್ಕೆ ತಕ್ಕಂತೆ ಗುರುತನ್ನು ಓದಿಕೊಳ್ಳುವ ಪ್ರಲೋಭನವು ಸುಲಭವಾಗಿ ಬರುವುದು. ಅದಕ್ಕೆ ಒಳಗಾಗದಿರುವುದೇ ಈ ವಿದ್ಯೆಯ ಮೊದಲನೆಯ ನಿಯಮ. ಆ ನಿಷ್ಠೆಯು ಪ್ರಯೋಗಶಾಲೆಯ ಹೊರಗೂ ಪರೀಕ್ಷೆಗೆ ಒಳಗಾಗುವ ಕಾಲವೊಂದು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸ್ ನಗರವು ಜರ್ಮನರ ವಶವಾಗಿದ್ದಾಗ, 1941ರಲ್ಲಿ, ಎಪ್ಪತ್ತು ದಾಟಿದ್ದ ಕಾಟನ್ನನನ್ನು ಹಿಡಿದು ಫ್ರೆನ್ ಎಂಬಲ್ಲಿಯ ಸೆರೆಮನೆಯಲ್ಲಿ ಇಟ್ಟರು. ಕೆಲವು ವಾರಗಳ ಮೇಲೆ ಬಿಡುಗಡೆಯಾಯಿತು. ಬ್ರೂಹಾನಿಗೆ ಆ ಅದೃಷ್ಟವಿರಲಿಲ್ಲ. ಎಕೋಲ್ ನಾರ್ಮಾಲಿನ ಆಡಳಿತವನ್ನು ವಹಿಸಿದ್ದ ಆತನನ್ನು 1944ರ ಆಗಸ್ಟಿನಲ್ಲಿ ಗೆಸ್ಟಾಪೋ ಪೋಲೀಸರು ವಿದ್ಯಾರ್ಥಿಯೊಬ್ಬನ ಸುಳಿವನ್ನು ಕೇಳಿದರು. ಆತನು ಹೇಳಲಿಲ್ಲ. ಪ್ಯಾರಿಸ್ಸಿಗೆ ಬಿಡುಗಡೆಯಾದುದು ಅದೇ ತಿಂಗಳಿನ ಕೊನೆಯಲ್ಲಿ. ಆದರೆ ಅಷ್ಟರಲ್ಲಿ ಬ್ರೂಹಾನನ್ನು ಜರ್ಮನಿಗೆ ಸಾಗಿಸಿಬಿಟ್ಟಿದ್ದರು. 1945ರ ಆರಂಭದಲ್ಲಿ ಸಾಕ್ಸೆನ್‌ಹೌಸೆನ್ ಬಂದಿಶಿಬಿರದಲ್ಲಿ ಆತನು ಕೊನೆಯುಸಿರೆಳೆದನು.

ಕಾಟನ್ನನು 1951ರಲ್ಲಿ ತೀರಿಕೊಂಡನು. ಆತನ ಶೋಧವು ಬಹುಕಾಲ ಕೆಲವೇ ವಸ್ತುಗಳಿಗೆ ಮೀಸಲಾಗಿ ಉಳಿದಿದ್ದಿತು. ಸಕ್ಕರೆಯಾಗಲಿ ಸಸಾರಜನಕಗಳಾಗಲಿ ಬಣ್ಣವಿಲ್ಲದವು. ಅವು ಹೀರುವುದು ಕಣ್ಣಿಗೆ ಕಾಣದ ಅತಿನೇರಳೆಯ ಬೆಳಕನ್ನು. ಅಲ್ಲಿ ಕಣ್ಣಿನ ಚುರುಕುತನವು ನಡೆಯದು. 1930ರ ಸುಮಾರಿನಲ್ಲಿ ವೆರ್ನರ್ ಕೂನ್ ಮೊದಲಾದವರು ಛಾಯಾಚಿತ್ರದ ಫಲಕಗಳಿಂದ ಅಲ್ಲಿಯೂ ಅಳತೆಗೆ ತೊಡಗಿದರು. ಆದರೆ ಆ ಕೆಲಸವು ಬಹು ಶ್ರಮದ್ದಾಗಿತ್ತು. ಯುದ್ಧಾನಂತರ, ಬೆಳಕನ್ನು ವಿದ್ಯುತ್ತನ್ನಾಗಿ ಮಾರ್ಪಡಿಸುವ ನಳಿಗೆಗಳು ಕಣ್ಣಿನ ಸ್ಥಾನವನ್ನು ಆಕ್ರಮಿಸಿದುವು. 1955ರಿಂದೀಚೆಗೆ ಅಮೆರಿಕದ ಕಾರ್ಲ್ ಜೆರಾಸಿಯು ಇಂತಹ ಯಂತ್ರದಿಂದ ಸ್ಟೆರಾಯ್ಡುಗಳೆಂಬ ನೂರಾರು ದ್ರವ್ಯಗಳನ್ನು ಪರೀಕ್ಷಿಸಿ, ಕಾಟನ್ ಪರಿಣಾಮದ ಚಿಹ್ನೆಯಿಂದಲೇ ಅವುಗಳ ರಚನೆಯನ್ನು ನಿರ್ಧರಿಸುವ ದಾರಿಯನ್ನು ತೆರೆದನು.

1960ರಲ್ಲಿ ಫ್ರಾನ್ಸಿನ ಗ್ರೋಜಾಂ ಮತ್ತು ಲಗ್ರಾಂ ಎಂಬಿಬ್ಬರು ವೃತ್ತದ್ವಿವರ್ಣತೆಯನ್ನು ತಾನಾಗಿಯೇ ಬರೆದಿಡುವ ಯಂತ್ರವನ್ನು ರಚಿಸಿದರು. ಅದರ ಉಪಾಯವು ಸೋಲೇಯ ಉಪಾಯದ ಮೊಮ್ಮಗುವೆನ್ನಬಹುದು. ಬಲ ಎಡಗಳನ್ನು ಪಕ್ಕಪಕ್ಕದಲ್ಲಿ ಇಡುವುದರ ಬದಲು ಒಂದಾದ ಮೇಲೊಂದರಂತೆ ತೋರಿಸುವುದು. ವಿದ್ಯುತ್ತಿನ ಒತ್ತಡವು ಹಿಂದುಮುಂದಾದಂತೆಲ್ಲಾ ಒಂದು ಹರಳು ಬೆಳಕನ್ನು ಬಲಮುರಿಗೂ ಎಡಮುರಿಗೂ ಸರದಿಯಾಗಿ ತಿರುವುವುದು. ದ್ರಾವಣವು ಎರಡನ್ನೂ ಸಮನಾಗಿ ಹೀರಿದರೆ ಹೊರಬರುವ ಬೆಳಕು ನಿಶ್ಚಲವಾಗಿರುವುದು. ಭೇದವಿದ್ದರೆ ಮಾತ್ರ ಅದೇ ಸರದಿಯಲ್ಲಿ ಮಿಡಿಯುವುದು. ಆ ಮಿಡಿತವನ್ನು ಮಾತ್ರ ಆರಿಸಿ ಅಳೆದರೆ ಭೇದವು ಕೈಗೆ ಸಿಕ್ಕಿದಂತೆಯೇ. 1966ರಲ್ಲಿ ಬಿಲಾರ್ದೋಂ ಮತ್ತು ಬಾದೋಜ್ ಎಂಬವರು, ನಡುಗುವ ಸ್ಫಟಿಕಗಾಜಿನ ಪಟ್ಟಿಯಿಂದಲೇ ಈ ಕೆಲಸವನ್ನು ಮಾಡಿಸಬಹುದೆಂದು ತೋರಿಸಿದರು. ಸೆಕೆಂಡಿಗೆ ಸುಮಾರು 50,000 ಸಲ ನಡುಗುವ ಇಂತಹ ಪಟ್ಟಿಯೇ ಇಂದಿನ ಯಂತ್ರಗಳ ಹೃದಯವಾಗಿದೆ.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪುಟವುಂಟು. ರಾಮನ್ ಸಂಶೋಧನ ಮಂದಿರದಲ್ಲಿದ್ದ ಎಸ್. ಪಂಚರತ್ನಂ ಎಂಬ ತರುಣರು, ಒಂದೇ ಬಣ್ಣಕ್ಕಲ್ಲದೆ ಅನೇಕ ಬಣ್ಣಗಳಿಗೆ ಒಟ್ಟಿಗೇ ವೃತ್ತಧ್ರುವೀಕೃತ ಬೆಳಕನ್ನು ಕೊಡಬಲ್ಲ ಫಲಕಗಳ ಜೋಡಣೆಯನ್ನು 1955ರಲ್ಲಿ ಪ್ರಕಟಿಸಿದರು. ಮರುವರ್ಷ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಬೇರೆಬೇರೆ ಧ್ರುವೀಕರಣವುಳ್ಳ ಕಿರಣಗಳು ಒಂದರೊಡನೊಂದು ಕೂಡುವ ಕ್ರಮವನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಆ ಬರಹದ ಆಳವು ಲೋಕಕ್ಕೆ ತಿಳಿದುದು 1980ರ ದಶಕದಲ್ಲಿ. ಅದರಲ್ಲಿಯ ವಿಚಾರವು ಇಂದು ಪಂಚರತ್ನಂ ಹಂತವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆದರೆ ಅವರು 1969ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಗತಿಸಿದ್ದರು. 1928ರಲ್ಲಿ ಸರ್ ಸಿ. ವಿ. ರಾಮನ್ನರು ಕಂಡುಹಿಡಿದ ಬೆಳಕಿನ ಚೆದರಿಕೆಯಲ್ಲಿಯೂ ಬಲಮುರಿ ಎಡಮುರಿಗಳ ಭೇದವುಂಟೆಂಬುದನ್ನು 1973ರಲ್ಲಿ ಬ್ಯಾರನ್, ಬೊಗಾರ್ಡ್, ಬಕಿಂಗ್‌ಹ್ಯಾಮ್ ಎಂಬ ಮೂವರು ಇಂಗ್ಲೆಂಡಿನಲ್ಲಿ ಅಳೆದು ತೋರಿಸಿದರು.

ಇಷ್ಟು ಅಲ್ಪವಾದ ಭೇದಕ್ಕಾಗಿ ಇಷ್ಟು ಪ್ರಯಾಸವೇಕೆಂದು ಕೇಳಬಹುದು. ಜೀವವು ಈ ಭೇದವನ್ನು ಅಲ್ಪವೆಂದು ಬಗೆದಿಲ್ಲ. ಹೊಲದ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಡೋಪಾ ಎಂಬ ದ್ರವ್ಯದ ಎಡಮುರಿಯ ರೂಪವಿದೆ. ಕಂಪವಾತದ ರೋಗಿಗಳಿಗೆ ಅದೇ ಔಷಧ. ಅದರ ಬಲಮುರಿಯ ರೂಪದಿಂದ ಆ ಗುಣವು ದೊರೆಯದು. ಮೇಲಾಗಿ ಅದು ರಕ್ತಕ್ಕೆ ಬಾಧಕ. ಪ್ರಯೋಗಶಾಲೆಯ ಸಾಮಾನ್ಯವಾದ ರಾಸಾಯನಿಕ ಕ್ರಿಯೆಯಾದರೋ ಎರಡನ್ನೂ ಸಮಪಾಲಾಗಿ ಕೊಡುವುದು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂತಹ ಮದ್ದುಗಳ ಎರಡು ರೂಪಗಳನ್ನೂ ಬೇರೆಬೇರೆಯಾಗಿ ಪರಿಶೀಲಿಸುವ ನೀತಿಯನ್ನು ಪ್ರಕಟಿಸಿತು. ಸಸಾರಜನಕದ ಎಳೆಯು ಸುರುಳಿಯಾಗಿ ಸುತ್ತಿಕೊಂಡಿದೆಯೋ, ಬಿಚ್ಚಿಹೋಗಿದೆಯೋ ಎಂಬುದನ್ನು ಕೂಡ ಕಾಟನ್ನನು ಕಂಡ ಭೇದವೇ ಹೇಳುವುದು. 208 ಮತ್ತು 222 ನ್ಯಾನೋಮೀಟರ್ ಅಲೆಗಳ ಬಳಿ ಯಂತ್ರವು ಬರೆಯುವ ಎರಡು ತಗ್ಗುಗಳು ಆ ಸುರುಳಿಯ ಹಸ್ತಾಕ್ಷರದಂತಿರುವುವು.

ಬಿಯೋನು ಕತ್ತಲೆಯನ್ನು ಹುಡುಕಿದನು. ಅನಂತರದವರು ಎರಡು ಹೋಳುಗಳ ಸಮತೆಯನ್ನು ನೋಡಿದರು. ಈಗಿನವರು ಮಿಡಿತವನ್ನು ಎಣಿಸುವರು. ಸಾಧನಗಳು ಬದಲಾದರೂ ಉಪಾಯದ ತಿರುಳು ಒಂದೇ. ಬಲಮುರಿಯನ್ನು ಬಲಮುರಿಯೆಂದು ತಿಳಿಯುವುದಕ್ಕೆ ಪಕ್ಕದಲ್ಲಿ ಎಡಮುರಿಯೊಂದು ಇರಬೇಕು. ಇದ್ದುದನ್ನು ಇದ್ದಂತೆ ಓದುವ ಕಣ್ಣೂ ಇರಬೇಕು.